ಅತ್ತೆಯ ನಂಬರು ಅತ್ತೆಗೇ ಗೊತ್ತು

ನಮ್ಮ ಮನೆ ಆನೇಕಲ್‌ನಲ್ಲಿ. ನನ್ನ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ನಮ್ಮವರಿಗೆ ಜಿಗಣಿ ಫ್ಯಾಕ್ಟರಿಯಲ್ಲಿ ಶಿಫ್ಟು, ಮಗ ಎಂಟನೇ ಕ್ಲಾಸು. ಮನೇಲಿರೋದು ನಾಲ್ಕು ಜನ, ಬೀಗದ ಕೈ ಮೂರು. ಕೈ ಇಲ್ಲದವರು ಅತ್ತೆ. "ನಾನೆಲ್ಲಿಗೆ ಹೋಗ್ತೀನಮ್ಮ, ನಂಗ್ಯಾಕೆ?" ಅನ್ನುತ್ತಿದ್ದರು. ನಿಜ ಬೇರೆಯೇ ಇತ್ತು. ಸಂಧಿವಾತದ ಬೆರಳಿಗೆ ಕೀ ತಿರುಗಿಸಲು ಆಗುತ್ತಿರಲಿಲ್ಲ, ಹೇಳಿಕೊಳ್ಳಲು ಸಂಕೋಚ. ತಿಮ್ಮರಾಯಸ್ವಾಮಿ ದೇವಸ್ಥಾನಕ್ಕೆ ಹೋಗಬೇಕೆಂದರೂ ಯಾರಾದರೂ ಮನೆಯಲ್ಲಿರುವ ಹೊತ್ತು ನೋಡಿಕೊಂಡೇ ಹೊರಡುತ್ತಿದ್ದರು.

ನಂಬರ್ ಒತ್ತಿದರೆ ತೆಗೆಯುವ ಬೀಗ ಮಾಡೋಣ ಅಂದದ್ದು ಮಗ. ಒಂದು ಶನಿವಾರ ಇಬ್ಬರೂ ಎಸ್.ಪಿ. ರೋಡಿಗೆ ಹೋಗಿ ಆರ್ಡುಯಿನೊ ಉನೊ ಬೋರ್ಡು, 16 ಗುಂಡಿಗಳ ಕೀಪ್ಯಾಡು, ಒಂದು ರಿಲೇ, ಅಪಾರ್ಟ್‌ಮೆಂಟ್ ಗೇಟಿಗೆ ಹಾಕುವಂಥ 12 ವೋಲ್ಟಿನ ಎಲೆಕ್ಟ್ರಿಕ್ ಲಾಕು ತಂದೆವು.

ಕೀಪ್ಯಾಡು ನೋಡಿದ ಅತ್ತೆ, "ಇದು ನಾಲ್ಕು ಚುಕ್ಕಿ ನಾಲ್ಕು ಸಾಲಿನ ರಂಗೋಲಿ ಅಲ್ವಾ?" ಅಂದರು. ಒಳಗಿನ ಲೆಕ್ಕವೂ ಹಾಗೇ. 4 ಅಡ್ಡ ಸಾಲು, 4 ಉದ್ದ ಸಾಲು, ಒಟ್ಟು 8 ವೈರು. ಗುಂಡಿ ಒತ್ತಿದಾಗ ಒಂದು ಅಡ್ಡ, ಒಂದು ಉದ್ದ ಸೇರುತ್ತವೆ. ಯಾವುದು ಯಾವುದಕ್ಕೆ ತಾಗಿತು ಅಂತ ನೋಡಿ ಬೋರ್ಡು ಗುಂಡಿ ಗುರುತಿಸುತ್ತೆ. ನಂಬರು ಸರಿಯಿದ್ದರೆ ರಿಲೇಗೆ ಸನ್ನೆ. ಲಾಕಿಗೆ ಬೇಕಾದಷ್ಟು ಕರೆಂಟು ಬೋರ್ಡು ತಾನೇ ಕೊಡಲಾರದು, ಅದಕ್ಕೇ ನಡುವೆ ರಿಲೇ.

ಕರೆಂಟು ಹೋದರೆ? ನಮ್ಮ ಕಡೆ ಇದು ಮೊದಲ ಪ್ರಶ್ನೆ. ಈ ಲಾಕು ಕರೆಂಟಿಲ್ಲದಾಗ ಮುಚ್ಚೇ ಇರುತ್ತೆ. ಹಾಗಾಗಿ ಒಂದು 12 ವೋಲ್ಟ್ ಬ್ಯಾಟರಿ ಇಟ್ಟೆವು. ಅದೂ ಕೈಕೊಟ್ಟರೆ ಹೊರಗಿನಿಂದ ಮಾಮೂಲಿ ಕೀ ಹಾಕಬಹುದು, ಒಳಗಿನಿಂದ ಲಾಕಿನ ಗುಂಡಿ ಒತ್ತಿದರೆ ಸಾಕು. ನೀವು ಮಾಡುವುದಾದರೆ ಒಳಗಿನಿಂದ ಕೈಯಲ್ಲೇ ತೆಗೆಯಲಾಗದ ಲಾಕು ಮಾತ್ರ ತರಬೇಡಿ, ಬೆಂಕಿ ಬಿದ್ದಾಗ ನಂಬರು ನೆನಪಾಗಲ್ಲ. ಹೊರಗೆ ಕೀಪ್ಯಾಡು ಮಾತ್ರ ಇರಲಿ. ಬೋರ್ಡು, ರಿಲೇ ಎರಡೂ ಒಳಗೇ ಇರಬೇಕು. ಇಲ್ಲದಿದ್ದರೆ ವೈರು ಕಿತ್ತು ಜೋಡಿಸಿದವರಿಗೂ ಬಾಗಿಲು ತೆರೆಯುತ್ತೆ.

ನಾಲ್ಕಂಕಿಯ ನಂಬರು ಅಂದರೆ 10,000 ಸಾಧ್ಯತೆ. ಮೂರು ಸಲ ತಪ್ಪಿದರೆ 30 ಸೆಕೆಂಡು ಸುಮ್ಮನಿರು ಅಂತ ಪ್ರೋಗ್ರಾಮಿನಲ್ಲಿ ಬರೆದೆವು. ಎಲ್ಲವನ್ನೂ ಒತ್ತಿ ನೋಡುವ ಕಳ್ಳ ಕಾಯುವುದರಲ್ಲೇ 27 ಗಂಟೆ ಕಳೆಯಬೇಕು. ಎದುರು ಮನೆ ಆಂಟಿ ಅಷ್ಟು ಹೊತ್ತು ಬಿಡೋರಲ್ಲ!

ಇಲ್ಲಿವರೆಗೆ ಎಲ್ಲ ಸರಾಗ. ಆಮೇಲೆ ನಮ್ಮವರು ಒಂದು ಮಾತು ತೆಗೆದರು. "ಒಬ್ಬೊಬ್ಬರಿಗೂ ಬೇರೆ ನಂಬರ್ ಕೊಡು. ಯಾರು ಎಷ್ಟೊತ್ತಿಗೆ ಬಂದ್ರು ಅಂತ ಬರೆದಿಡಲಿ." ಮಗನ ಮುಖ ಸಣ್ಣಗಾಯಿತು. "ನಾನು ಟ್ಯೂಷನ್‌ನಿಂದ ಹತ್ತು ನಿಮಿಷ ಲೇಟಾದ್ರೂ ಗೊತ್ತಾಗತ್ತಾ?" ಅತ್ತೆ ಏನೂ ಅನ್ನಲಿಲ್ಲ, ಬಿಡಿಸುತ್ತಿದ್ದ ಅವರೆಕಾಯಿ ಕಡೆಗೇ ಕಣ್ಣು.

ನಮ್ಮ ಉನೊ ಬೋರ್ಡಿನಲ್ಲಿ ಗಡಿಯಾರ ಇಲ್ಲ. ಹೊತ್ತು ಬರೆದಿಡಬೇಕೆಂದರೆ ಅದಕ್ಕೊಂದು ಚಿಕ್ಕ ಮಾಡ್ಯೂಲು ತರಬೇಕು. ದುಬಾರಿಯೇನಲ್ಲ. ಆದರೂ ಬೇಡ ಅಂದೆ. ಆಫೀಸಿನಲ್ಲಿ ದಿನಾ ಕಾರ್ಡು ತೋರಿಸಿ ಒಳಗೆ ಹೋಗುವವಳು ನಾನು, ಮನೆಯ ಬಾಗಿಲೂ ಹಾಜರಿ ಹಾಕೋದು ಬೇಡ. ನಮ್ಮವರು, "ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಅಂದರು. ಅವರ ಭಯ ಸುಳ್ಳಲ್ಲ. ಎರಡು ದಿನ ಮಾತು ಬೆಳೆದು, ಕೊನೆಗೆ ಬೇರೆ ಬೇರೆ ನಂಬರು ಉಳಿಯಿತು, ಹೊತ್ತಿನ ಲೆಕ್ಕ ಹೋಯಿತು. ಬೇರೆ ನಂಬರಿಂದ ಒಂದು ಲಾಭ ಇದೆ. ಒಬ್ಬರದು ಹೊರಗಿನವರಿಗೆ ತಿಳಿದರೆ ಅದೊಂದನ್ನೇ ಬದಲಿಸಬಹುದು.

ಹೊಸ ನಂಬರು ಹಾಕಲು ಒಳಗೊಂದು ಸ್ವಿಚ್ಚು ಇಟ್ಟಿದ್ದೇವೆ. ಬೋರ್ಡಿನ ಈಪ್ರಾಮ್ ಮೆಮೊರಿಯಲ್ಲಿ ಅದು ಕರೆಂಟಿಲ್ಲದೆಯೂ ಉಳಿಯುತ್ತೆ. ಅತ್ತೆಯ ಸರದಿ ಬಂದಾಗ ಮಗ ಸ್ವಿಚ್ಚು ಅದುಮಿ ಬೆನ್ನು ತಿರುಗಿಸಿ ನಿಂತ. ಅಂಕಿಗಿಂತ ಅವರಿಗೆ ಬೆರಳು ಎಳೆಯುವ ಆಕಾರ ನೆನಪಿರುತ್ತಂತೆ. ಎರಡು ಸಲ ಒತ್ತಿದರು. ಟಕ್ ಅಂತ ಸದ್ದು.

ಈಗ ಸಂಜೆ ಫೋನ್ ಮಾಡಿದರೆ ಒಮ್ಮೊಮ್ಮೆ ಹಿಂದೆ ಗಂಟೆಯ ಸದ್ದು ಕೇಳುತ್ತೆ. "ಮಂಗಳಾರತಿ ಆಗ್ತಿದೆ ಕಣಮ್ಮ, ಆಮೇಲೆ ಮಾಡು" ಅಂತ ಅತ್ತೆಯೇ ಕಟ್ ಮಾಡ್ತಾರೆ.