ಸ್ವಂತ ದೇಹವೇ ಅಧ್ಯಯನದ ಕ್ಷೇತ್ರವಾದಾಗ

ಮಾನವಶಾಸ್ತ್ರಜ್ಞರೆಂದರೆ ದೂರದ ಕಾಡಿಗೋ ದ್ವೀಪಕ್ಕೋ ಹೋಗಿ, ಅಲ್ಲಿಯ ಜನರೊಡನೆ ಬಹುಕಾಲ ಇದ್ದು, ಅವರ ನಡೆನುಡಿಗಳನ್ನು ಬರೆದುಕೊಂಡು ಬರುವವರು ಎಂಬ ಕಲ್ಪನೆ ನಮ್ಮಲ್ಲಿ ಅನೇಕರಿಗಿದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ಮರ್ಫಿ ಅಂಥವರೇ. 1950ರ ದಶಕದಲ್ಲಿ ಪತ್ನಿ ಯೊಲಾಂಡಾ ಅವರೊಡನೆ ಬ್ರೆಜಿಲ್ಲಿನ ಮುಂಡುರುಕು ಜನರ ನಡುವೆ ನೆಲೆಸಿ ಅಧ್ಯಯನ ನಡೆಸಿದವರು. 1970ರ ದಶಕದಲ್ಲಿ ಅವರ ಬೆನ್ನುಹುರಿಯಲ್ಲಿ ಗಡ್ಡೆ ಕಾಣಿಸಿಕೊಂಡು, ಕೈಕಾಲುಗಳ ಬಲ ಕ್ರಮೇಣ ಕುಂದಿ, ಗಾಲಿಕುರ್ಚಿಯೇ ಆಸರೆಯಾಯಿತು. ಆಗ ಅವರು ತಮ್ಮ ಕಾಯಿಲೆಯನ್ನೂ ಅಪರಿಚಿತ ನಾಡೊಂದಕ್ಕೆ ಕೈಗೊಂಡ ಅಧ್ಯಯನ ಪ್ರವಾಸವೆಂದೇ ಭಾವಿಸಿದರು. ಅದರ ಫಲವೇ 1987ರಲ್ಲಿ ಪ್ರಕಟವಾದ 'ದಿ ಬಾಡಿ ಸೈಲೆಂಟ್' ಎಂಬ ಗ್ರಂಥ.

ಅನೇಕ ಬುಡಕಟ್ಟುಗಳಲ್ಲಿ ಪ್ರಾಯಕ್ಕೆ ಬಂದ ಹುಡುಗನನ್ನು ದೀಕ್ಷಾವಿಧಿಗಾಗಿ ಕೆಲಕಾಲ ಊರಿನಿಂದ ಹೊರಗಿರಿಸುತ್ತಾರೆ. ಆಗ ಅವನು ಮಗುವೂ ಅಲ್ಲ, ಗಂಡಸೂ ಅಲ್ಲ; ಹೊಸ್ತಿಲ ಮೇಲೆ ನಿಂತವನು. ಅಂಗವಿಕಲರೂ ಹೀಗೆಯೇ ರೋಗಿಗಳೂ ಅಲ್ಲದ, ಆರೋಗ್ಯವಂತರೂ ಅಲ್ಲದ ಸ್ಥಿತಿಯಲ್ಲಿರುವವರೆಂದು ಮರ್ಫಿ ಕಂಡರು. ಆ ಹುಡುಗನಾದರೋ ಒಂದು ದಿನ ಊರೊಳಗೆ ಬರುತ್ತಾನೆ. ಇವರನ್ನು ಸಮಾಜ ಹೊಸ್ತಿಲಲ್ಲೇ ನಿಲ್ಲಿಸಿಬಿಡುತ್ತದೆ. ನೋವನ್ನು ತೋಡಿಕೊಳ್ಳುವ ಆತ್ಮಕಥೆಗೂ ಈ ಬಗೆಯ ಬರವಣಿಗೆಗೂ ಇರುವ ಅಂತರ ಇಲ್ಲಿಯೇ ಇದೆ. ಇಲ್ಲಿ 'ನಾನು' ಎಂಬುದು ಸಮಾಜವನ್ನು ನೋಡುವ ಕಿಟಕಿ.

ಈ ವಿಧಾನಕ್ಕೆ ಇಂದು ಆಟೋಎಥ್ನೋಗ್ರಫಿ ಎಂಬ ಹೆಸರಿದೆ. ಸ್ವಜನಾಂಗಕಥನ ಎನ್ನಬಹುದೇನೋ, ಬಾಯಿಗೆ ಒಗ್ಗುವುದು ಕಷ್ಟ. ತಮ್ಮ ಜನರನ್ನು ತಾವೇ ಅಧ್ಯಯನ ಮಾಡುವ ಕ್ರಮವನ್ನು 1979ರಲ್ಲಿ ಡೇವಿಡ್ ಹಯಾನೊ ಈ ಹೆಸರಿನಡಿ ಚರ್ಚಿಸಿದರು; ಕ್ಯಾರೊಲಿನ್ ಎಲಿಸ್ ಮೊದಲಾದವರು ಅದನ್ನು ಬೆಳೆಸಿದರು. ಒಬ್ಬರ ಅನುಭವದಿಂದ ಎಲ್ಲರ ಕುರಿತು ಹೇಳಲಾದೀತೇ ಎಂಬ ಆಕ್ಷೇಪವೂ ಇದೆ, ಅದು ನ್ಯಾಯವಾದದ್ದೇ. ಆದರೆ ಅಂಕಿಗಳಿಗೂ ಮಿತಿಯಿದೆ. ಬಾಲ್ಯದಲ್ಲಿ ಪೋಲಿಯೋ ತಗುಲಿದ ನನ್ನ ಪ್ರಮಾಣಪತ್ರದಲ್ಲಿ ಶೇಕಡಾ 60 ಎಂದಿದೆ. ಶೇಕಡಾ 40ಕ್ಕಿಂತ ಕಡಿಮೆಯಿದ್ದರೆ 2016ರ ಕಾಯಿದೆಯ ಮೀಸಲಾತಿ ದೊರೆಯದು. ಆ ಸಂಖ್ಯೆ ನನ್ನ ಕಾಲನ್ನು ಅಳೆದಿದೆ, ನಾನು ಬಾಳುವ ಬೀದಿಯನ್ನಲ್ಲ.

ಎರಡು ವರ್ಷಗಳಿಂದ ನಾನೂ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ದಿನಾಂಕ, ಸ್ಥಳ, ಜೊತೆಗಿದ್ದವರು, ಯಾರು ಯಾರನ್ನು ಏನು ಕೇಳಿದರು, ಇಷ್ಟೇ. ಒಂದು ಉದಾಹರಣೆ: ಬ್ಯಾಂಕೊಂದರಲ್ಲಿ ಗುಮಾಸ್ತರು ನನ್ನ ಪಾಸ್‌ಪುಸ್ತಕವನ್ನು ಕೈಯಲ್ಲಿ ಹಿಡಿದು, ಕಾಲೇಜಿನಲ್ಲಿ ಓದುವ ನನ್ನ ಮಗಳನ್ನು "ಇವರು ಸಹಿ ಮಾಡ್ತಾರಾ?" ಎಂದು ಕೇಳಿದರು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದು ನೋಯಿಸುವ ಮಾತೇ. ಆದರೆ ಪುಟಗಳನ್ನು ಸಾಲಾಗಿ ಓದಿದಾಗ ಬೇರೊಂದು ಸಂಗತಿ ಕಂಡಿತು. ಒಬ್ಬನೇ ಹೋದಾಗ ಎಲ್ಲರೂ ನನ್ನೊಡನೆಯೇ ಮಾತನಾಡುತ್ತಾರೆ. ಮಗಳು ಜೊತೆಗಿದ್ದರೆ ಮಾತ್ರ ಪ್ರಶ್ನೆ ಅವಳ ಕಡೆ ತಿರುಗುತ್ತದೆ. ಹಿರಿಯ ಗಂಡಸು ಎದುರಿಗಿರುವಾಗ ಎಳೆಯ ಹೆಣ್ಣುಮಗಳನ್ನು ವ್ಯವಹಾರ ಕೇಳುವ ವಾಡಿಕೆ ನಮ್ಮ ಕಡೆ ಎಲ್ಲಿದೆ, ನೀವೇ ಹೇಳಿ. ಊರುಗೋಲೊಂದು ಆ ಕ್ರಮವನ್ನೇ ತಲೆಕೆಳಗು ಮಾಡುತ್ತದೆ. ಹಾಗಾದರೆ ಗಂಡಸಿನ ಹಿರಿತನ ವಯಸ್ಸಿನಿಂದ ಬಂದದ್ದಲ್ಲ, ಗಟ್ಟಿಯಾದ ಕಾಲುಗಳಿಂದಲೂ ಬಂದದ್ದು! ಕುಟುಂಬದ ಹೆಂಗಸರಿಗೆ ಇದನ್ನು ಓದಿ ಹೇಳಿದಾಗ ಅವರಿಗೆ ಅಚ್ಚರಿಯೇನೂ ಆಗಲಿಲ್ಲ. ಎದುರಿಗಿದ್ದರೂ ಪಕ್ಕದವರನ್ನು ಕೇಳಿಸಿಕೊಂಡೇ ಬಾಳಿದವರು ಅವರು.

ಈ ವಿಧಾನದಲ್ಲಿ ಇನ್ನೊಂದು ತೊಡಕಿದೆ. ಎಲಿಸ್ ಅವರೂ ಇದನ್ನು ಕುರಿತು ಬಹಳ ಚಿಂತಿಸಿದ್ದಾರೆ. ನನ್ನ ಕಥೆ ನನ್ನೊಬ್ಬನದಲ್ಲ; ಹೆಂಡತಿ, ಮಕ್ಕಳು, ನೆರೆಯವರು ಕೇಳದೆಯೇ ಅದರೊಳಗೆ ಬರುತ್ತಾರೆ. ಹೆಸರು ಮರೆಸಿದರೂ 'ನನ್ನ ಮಗಳು' ಎಂದರೆ ಯಾರೆಂದು ಊರಿಗೆಲ್ಲ ಗೊತ್ತು. ಆದಕಾರಣ ಪುಸ್ತಕವನ್ನು ಮೊದಲು ಅವಳ ಕೈಗೇ ಕೊಟ್ಟೆ. ಬೇಡವೆಂದದ್ದನ್ನು ಹೊಡೆದುಹಾಕು ಎಂದೆ. ಅವಳು ಏನನ್ನೂ ಹೊಡೆದುಹಾಕಲಿಲ್ಲ. ಬ್ಯಾಂಕಿನ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಹೀಗೆ ಬರೆದಳು: "ನಾನು ಉತ್ತರ ಹೇಳದೆ ಅಪ್ಪನ ಮುಖ ನೋಡಿದೆ. ಅವರಿಗೆ ನನ್ನ ಮೇಲೆ ಸಿಟ್ಟು ಬಂತು."