ಒಂದೇ ಖೋಲಿ, ಮೂರು ಬಾಡಿಗೆ



ಹೋದ ಕ್ರಿಸ್‌ಮಸ್‌ಗೆ ಊರಿಗೆ ಬಂದಿದ್ದಾಗ ಫಾದರ್ ನಮ್ಮನ್ನು ಚರ್ಚ್ ಅಂಗಳದಲ್ಲಿ ನಿಲ್ಲಿಸಿ, "ಗೋವಾಕ್ಕೆ ಹೋದವರು ಅಲ್ಲಿ ಏನು ಕಲಿತಿರಿ ಅಂತ ಊರಿನ ಹುಡುಗರಿಗೆ ಬರೀರಿ" ಎಂದಿದ್ದರು. ಆಗ ಬರೆಯಲು ಏನೂ ತೋಚಲಿಲ್ಲ. ಈಗ ತೋಚಿದೆ. ಆದರೆ ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದಲ್ಲ. ಆದರೂ ಬರೆಯುತ್ತಿದ್ದೇವೆ, ಯಾಕೆಂದರೆ ನಿಮ್ಮಲ್ಲೂ ಕೆಲವರು ಇದೇ ದಾರಿಯಲ್ಲಿ ಇರಬಹುದು.

ನಾವು ನಾಲ್ವರು, ಹಳಿಯಾಳದ ಕಡೆಯವರು. ಐ.ಟಿ.ಐ., ಡಿಪ್ಲೊಮಾ ಮುಗಿಸಿ, ಅನಮೋಡ ಘಾಟಿನ ಬಸ್ಸು ಹತ್ತಿ ಬಂದು, ಕುಂಡಯಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೆಷೀನಿನ ಮುಂದೆ ನಿಂತವರು. ಕುಂಡಯಿ ಫೋಂಡಾ ತಾಲೂಕಿನ ಊರು; ಕೆಳಗೆ ನವದುರ್ಗಾ ದೇವಸ್ಥಾನ, ತೆಂಗು, ಗದ್ದೆ; ಮೇಲೆ ಗುಡ್ಡದ ಬಯಲಿನಲ್ಲಿ ಫ್ಯಾಕ್ಟರಿಗಳು. ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತರೆ ಕೊಂಕಣಿಯ ಜೊತೆಗೆ ಕನ್ನಡವೂ ಹಿಂದಿಯೂ ಕಿವಿಗೆ ಬೀಳುತ್ತವೆ. ನಾವಿರುವುದು ಒಂದು ಹಳೆಯ ಮನೆಯ ಹಿಂಬದಿಯ ಖೋಲಿಯಲ್ಲಿ. ತಿಂಗಳಿಗೆ 8,000 ರೂಪಾಯಿ, ತಲೆಗೆ ಎರಡು ಸಾವಿರ. ಮನೆಯೊಡತಿಯನ್ನು ನಾವು ಮಾವಶಿ ಎಂದು ಕರೆಯುತ್ತೇವೆ.

2023ರ ಜುಲೈನಲ್ಲಿ ಚಹಾದ ಗಾಡಿಯ ಹತ್ತಿರ ಒಬ್ಬ ಮನುಷ್ಯ ಪರಿಚಯವಾದ. ಕಂಪನಿ ಸಂಬಳದಲ್ಲಿ ಹಿಡಿದ ಟ್ಯಾಕ್ಸ್ ಪೂರ್ತಿ ವಾಪಸ್ ತರಿಸಿಕೊಡುತ್ತೇನೆ, ಬಂದದ್ದರಲ್ಲಿ ಐದನೇ ಒಂದು ಪಾಲು ನನಗೆ ಎಂದ. ಫಾರ್ಮ್ 16, ಪ್ಯಾನ್, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕಿನ ಫೋಟೊ ಕೇಳಿದ. ಫೋನಿಗೆ ಬಂದ ಓ.ಟಿ.ಪಿ. ಕೇಳಿದ. ನಮ್ಮಲ್ಲಿ ಮೂವರು ಎಲ್ಲವನ್ನೂ ಕೊಟ್ಟೆವು. ನಾಲ್ಕನೆಯವನು, "ನನ್ನ ಅವ್ವ ಬೈತಾಳೆ" ಎಂದು ಹಿಂದೆ ಸರಿದ. ನಾವು ನಕ್ಕೆವು.

ಲೆಕ್ಕ ಅರ್ಥವಾಗಲೆಂದು ಒಬ್ಬನದ್ದನ್ನು ಬಿಡಿಸಿ ಹೇಳುತ್ತೇವೆ. ಉಳಿದವರದ್ದೂ ಹೆಚ್ಚುಕಡಿಮೆ ಹಾಗೆಯೇ. 2022-23ರಲ್ಲಿ ಓವರ್‌ಟೈಮ್ ಸೇರಿ ಸಂಬಳ 6,16,000. ಎಲ್ಲ ಸಂಬಳದಾರರಿಗೂ ಸಿಗುವ ವಿನಾಯಿತಿ 50,000, ಪಿ.ಎಫ್. 36,000 ಕಳೆದರೆ ಉಳಿದದ್ದು 5,30,000. ಹಳೆಯ ಪದ್ಧತಿಯಲ್ಲಿ ಐದು ಲಕ್ಷದವರೆಗೆ ಇದ್ದರೆ ತೆರಿಗೆ ಪೂರ್ತಿ ಮಾಫಿ, ಒಂದು ರೂಪಾಯಿ ದಾಟಿದರೂ ಎರಡೂವರೆ ಲಕ್ಷದಿಂದಲೇ ಲೆಕ್ಕ ಶುರು. ಹಾಗಾಗಿ 12,500, ಮೇಲಿನ ಮೂವತ್ತು ಸಾವಿರಕ್ಕೆ 6,000, ಸೆಸ್ 740. ಒಟ್ಟು 19,240 ರೂಪಾಯಿ ಕಂಪನಿ ಹಿಡಿದು ಸರ್ಕಾರಕ್ಕೆ ಕಟ್ಟಿತ್ತು. ಅಷ್ಟೂ ವಾಪಸ್ ಬಂತು. ಅವನ ಪಾಲು 3,848 ಕೊಟ್ಟು, ಉಳಿದದ್ದರಲ್ಲಿ ಒಬ್ಬ ಫೋನ್ ತಗೊಂಡ, ಒಬ್ಬ ತಂಗಿಯ ಕಾಲೇಜಿಗೆ ಕಳಿಸಿದ. ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನೂ ಸಿಗದು ಎನ್ನುತ್ತಾರೆ. ನಮಗೆ ಹೇಳಿಕೊಳ್ಳದೆಯೇ ಸಿಕ್ಕಿತ್ತು!

ಎರಡು ವರ್ಷ ಕಳೆಯಿತು. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆಯವರು ದೇಶದ ಸುಮಾರು 150 ಕಡೆ ಇಂಥ ಏಜೆಂಟರ ಜಾಗಗಳಲ್ಲಿ ತಪಾಸಣೆ ಮಾಡಿದ ಸುದ್ದಿ ಬಂತು. ಅದಕ್ಕೆ ಮುಂಚಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಾವಾಗಿಯೇ ರಿಟರ್ನ್ ತಿದ್ದಿ, 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮ್ ಹಿಂದಕ್ಕೆ ಪಡೆದಿದ್ದರಂತೆ. ಏಜೆಂಟರು ತಮ್ಮದೇ ಇಮೇಲ್ ತೆರೆದು ಕೊಡುತ್ತಾರೆ, ಆಮೇಲೆ ಅದನ್ನು ಬಿಟ್ಟುಬಿಡುತ್ತಾರೆ, ಇಲಾಖೆ ಕಳಿಸಿದ ಪತ್ರ ಯಾರೂ ಓದದೆ ಬಿದ್ದಿರುತ್ತದೆ ಎಂದೂ ಅದರಲ್ಲಿತ್ತು. ರಾತ್ರಿ ಊಟ ಬಿಟ್ಟು ಮೂವರೂ ಫೋನ್ ಹಿಡಿದು ಕೂತೆವು. ಪಾಸ್‌ವರ್ಡ್ ನಮ್ಮ ಹತ್ತಿರ ಇರಲಿಲ್ಲ. ಆಧಾರ್ ಓ.ಟಿ.ಪಿ.ಯಿಂದ ಹೊಸದು ಮಾಡಿಕೊಂಡು ಒಳಗೆ ಹೋದರೆ, ಇಮೇಲ್ ನಮ್ಮದಲ್ಲ, ಮೊಬೈಲ್ ನಂಬರ್ ನಮ್ಮದಲ್ಲ. ಕ್ಲೇಮ್ ಪರಿಶೀಲಿಸಿ, ತಪ್ಪಿದ್ದರೆ ಸರಿಪಡಿಸಿಕೊಳ್ಳಿ ಎಂಬ ಸಂದೇಶ ಅಲ್ಲಿ ಕಾದಿತ್ತು.

ರಿಟರ್ನ್ ತೆರೆದು ನೋಡಿದೆವು. ಮೂವರ ಹೆಸರಿನಲ್ಲೂ ಮನೆ ಬಾಡಿಗೆ ತಲಾ 96,000 ಎಂದು ಬರೆದಿದ್ದ. ಅಂದರೆ ಇಡೀ ಖೋಲಿಯ ವರ್ಷದ ಬಾಡಿಗೆಯನ್ನು ಒಬ್ಬೊಬ್ಬನೂ ಒಬ್ಬನೇ ಕಟ್ಟಿದ ಹಾಗೆ. ಬಾಡಿಗೆ ಒಂದು ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ಕೇಳುತ್ತಾರೆ, ಅದಕ್ಕೇ ಒಳಗಡೆ ನಿಲ್ಲಿಸಿದ್ದ. ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಹೆಚ್ಚೆಂದರೆ ಸಿಗುವುದು, ಕಟ್ಟಿದ ಬಾಡಿಗೆಯಲ್ಲಿ ಮೂಲ ಸಂಬಳದ ಶೇ 10 ಕಳೆದು ಉಳಿದದ್ದಕ್ಕೆ. ನಮ್ಮ ಮೂಲ ಸಂಬಳ ವರ್ಷಕ್ಕೆ ಮೂರು ಲಕ್ಷ, ಅದರ ಹತ್ತನೇ ಒಂದು ಭಾಗ 30,000. ನಾವು ನಿಜವಾಗಿ ಕಟ್ಟಿದ್ದು ತಲೆಗೆ 24,000ದ ಆಸುಪಾಸು. ಅಂದರೆ ನಮಗೆ ಸಲ್ಲಬೇಕಾದದ್ದು ಸೊನ್ನೆ. ಅವನ ಲೆಕ್ಕದಲ್ಲಿ 66,000. ಐದು ಲಕ್ಷದ ಕೆಳಗೆ ಇಳಿಯಲು ಅಷ್ಟೇ ಸಾಕಾಗಿತ್ತು. ರಿಟರ್ನ್ ಜೊತೆ ರಸೀದಿ ಲಗತ್ತಿಸುವ ಪದ್ಧತಿ ಇಲ್ಲ. ಕೇಳಿದಾಗ ತೋರಿಸಬೇಕು, ಅಷ್ಟೆ. ಆ ನಂಬಿಕೆಯ ಬಾಗಿಲಿನಿಂದಲೇ ಅವನು ಒಳಗೆ ನುಗ್ಗಿದ್ದ, ನಮ್ಮ ಹೆಸರು ಹೊತ್ತುಕೊಂಡು.

ಇಲ್ಲಿಯವರೆಗೆ ತಪ್ಪು ಅವನದು ಎಂದು ಹೇಳಿಕೊಳ್ಳಬಹುದಿತ್ತು. ಮುಂದಿನದು ಪೂರ್ತಿ ನಮ್ಮದೇ.

ಭಾನುವಾರ ಪೂಜೆ ಮುಗಿಸಿ ಬಂದು, ಮೂವರೂ ಮಾವಶಿಯ ಪಡಸಾಲೆಯಲ್ಲಿ ಕೂತು, ತಿಂಗಳಿಗೆ ಎಂಟು ಸಾವಿರದಂತೆ ಒಬ್ಬೊಬ್ಬರ ಹೆಸರಿಗೂ ರಸೀದಿ ಬರೆದುಕೊಡಿ ಎಂದು ಕೇಳಿದೆವು. ಹೌದು, ಪೂಜೆ ಮುಗಿಸಿ ಬಂದು. ಮಾವಶಿ ಏನೂ ಮಾತಾಡದೆ ಒಳಗೆ ಹೋಗಿ ಒಂದು ಶಾಲೆಯ ನೋಟ್‌ಬುಕ್ ತಂದರು. 2022-23ರ ಪುಟ ತೆಗೆದರು. ಹನ್ನೆರಡು ಸಾಲು. ಪ್ರತಿ ಸಾಲಿನಲ್ಲಿ ತಾರೀಖು, ಮೊತ್ತ, ಯಾರ ಕೈಯಿಂದ ಬಂತು, ನಗದೋ ಫೋನಿನಲ್ಲೋ. ಮೇ ತಿಂಗಳ ಎದುರು, ನೀರು ಬರಲಿಲ್ಲ, 500 ಬಿಟ್ಟೆ ಎಂದು ಮರಾಠಿಯಲ್ಲಿ ಬರೆದಿತ್ತು. ನಾವು ಮರೆತೇಬಿಟ್ಟಿದ್ದೆವು. ಒಟ್ಟು 95,500. ಅದರ ಕೆಳಗೆ ಅದನ್ನು ಎರಡು ಭಾಗ ಮಾಡಿದ್ದರು: 47,750, 47,750.

ಎರಡು ಭಾಗ ಯಾಕೆ ಎಂದು ಕೇಳಿದೆವು. ಆಗ ಗೊತ್ತಾದದ್ದು, ಗೋವಾದಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆ ಇನ್ನೂ ನಡೆಯುತ್ತಿದೆ, ಬೇರೆ ಕರಾರು ಮಾಡಿಕೊಳ್ಳದೆ ಮದುವೆಯಾದ ಗಂಡಹೆಂಡತಿಯ ಆಸ್ತಿ ಇಬ್ಬರಿಗೂ ಸೇರಿದ್ದು ಎಂದು. 1961ರ ಆದಾಯ ತೆರಿಗೆ ಕಾಯ್ದೆಯ 5ಎ ಕಲಮು ಇದಕ್ಕಾಗಿಯೇ ಇದ್ದದ್ದು. 1994ರಲ್ಲಿ ಸೇರಿಸಿ, 1963ರಿಂದಲೇ ಜಾರಿ ಎಂದು ಬರೆದದ್ದು. ಸಂಬಳ ಮಾತ್ರ ದುಡಿದವರದ್ದು. ಬಾಡಿಗೆ, ಬಡ್ಡಿ, ಅಂಗಡಿಯ ಲಾಭವನ್ನೆಲ್ಲ ಗಂಡಹೆಂಡತಿ ಅರ್ಧರ್ಧ ತೋರಿಸಬೇಕು. ಹಾಗೆ ಹಂಚಿ ತೋರಿಸುವವರು ನಮ್ಮ ಹಾಗೆ ಸರಳವಾದ ಐ.ಟಿ.ಆರ್.-1 ಬಳಸುವಂತಿಲ್ಲ. (ಗೋವಾದಲ್ಲಿ ಇದ್ದ ಮಾತ್ರಕ್ಕೆ ಎಲ್ಲರಿಗೂ ಇದು ಅನ್ವಯಿಸುವುದಿಲ್ಲ. ಊರಿನಲ್ಲಿ ಮದುವೆಯಾಗಿ ಇಲ್ಲಿಗೆ ದುಡಿಯಲು ಬಂದ ನಮ್ಮ ಅಣ್ಣಂದಿರು ತಾವಾಗಿ ಅರ್ಧ ಮಾಡಿಕೊಳ್ಳಬೇಡಿ.) ಊರಿನಲ್ಲಿ ನಮ್ಮ ಅವ್ವಂದಿರ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ. ಆ ಪುಟದ ಎರಡು ಸಮ ಅಂಕಿಗಳನ್ನು ನೋಡುತ್ತ ನಮಗೆ ಅದೂ ನೆನಪಾಯಿತು.

ಮಾವಶಿ ಪುಸ್ತಕ ಮುಚ್ಚಿ ಕೇಳಿದರು: "ಇದರಲ್ಲಿ ಅರ್ಧ ನನ್ನದು, ಅರ್ಧ ನಮ್ಮವರದ್ದು. ನೀವು ಹೇಳಿದ್ದನ್ನು ಬರೆದರೆ ಎರಡು ಲಕ್ಷ ಎಂಬತ್ತೆಂಟು ಸಾವಿರ ಆಗುತ್ತದೆ. ಹೆಚ್ಚಿನದ್ದನ್ನು ಯಾರ ಅರ್ಧದಲ್ಲಿ ಹಾಕಲಿ ಹೇಳಿ?"

ಬೈದಿದ್ದರೆ ಸಹಿಸಬಹುದಿತ್ತು. ಅವರು ಚಹಾ ಮಾಡಿಕೊಟ್ಟರು.

ಮರುವಾರ ಫೋಂಡಾದಲ್ಲಿ ಒಬ್ಬ ಚಾರ್ಟರ್ಡ್ ಅಕೌಂಟೆಂಟರ ಹತ್ತಿರ ಹೋಗಿ, ಅಪ್‌ಡೇಟೆಡ್ ರಿಟರ್ನ್, ಐ.ಟಿ.ಆರ್.-ಯು ಎನ್ನುತ್ತಾರಲ್ಲ, ಅದನ್ನು ಸಲ್ಲಿಸಿದೆವು. ಬಂದಿದ್ದ ರಿಫಂಡ್ ಹಿಂದಕ್ಕೆ, ಅದರ ಮೇಲೆ ಬಡ್ಡಿ, ಎರಡೂ ಸೇರಿದ ಮೊತ್ತದ ಮೇಲೆ ಇನ್ನೂ ಶೇ 50. ಅದೇ ಕೆಲಸವನ್ನು 2025ರ ಮಾರ್ಚ್ 31ರ ಒಳಗೆ ಮಾಡಿದ್ದರೆ ಶೇ 25 ಸಾಕಿತ್ತು. ಇನ್ನೂ ತಡ ಮಾಡಿದ್ದರೆ 60, ಆಮೇಲೆ 70. ತಲೆಗೆ ಮೂವತ್ತು ಸಾವಿರ ದಾಟಿತು. ಸುಂಕದವನಾಗಿದ್ದ ಜಕ್ಕಾಯ ನಾಲ್ಕು ಪಟ್ಟು ಹಿಂತಿರುಗಿಸುತ್ತೇನೆ ಎಂದಿದ್ದ. ನಮಗೆ ಒಂದೂವರೆ ಪಟ್ಟಿಗೇ ಎದೆ ಹೊಡೆದುಕೊಂಡಿತು. ಫೋನ್ ತಗೊಂಡವನು ಫೋನ್ ಮಾರಿದ. ತಂಗಿಗೆ ಕಳಿಸಿದವನು ಯಾರಿಗೂ ಹೇಳದೆ ಮೂರು ತಿಂಗಳು ಡಬಲ್ ಶಿಫ್ಟ್ ಮಾಡಿದ.

ಇನ್ನು ಆ ನಾಲ್ಕನೆಯವನು. ಅವನ ಆದಾಯವೂ ನಮ್ಮಷ್ಟೇ, 5,30,000. ಅವನ ಅವ್ವ ಅವನ ಎಲ್.ಐ.ಸಿ. ರಸೀದಿಗಳನ್ನು ಟ್ರಂಕಿನಲ್ಲಿ ಇಟ್ಟಿದ್ದಳು: 18,000. ಅಪ್ಪಅವ್ವನ ಆರೋಗ್ಯ ವಿಮೆಯನ್ನು ಅವನೇ ಫೋನಿನಿಂದ ಕಟ್ಟಿದ್ದ: 14,000. (ಆರೋಗ್ಯ ವಿಮೆಯನ್ನು ನಗದು ಕಟ್ಟಿದ್ದರೆ ವಿನಾಯಿತಿ ಇಲ್ಲ.) ಎರಡೂ ಕಳೆದರೆ 4,98,000. ತೆರಿಗೆ ಸೊನ್ನೆ. ಅವನಿಗೂ ಅದೇ 2023ರಲ್ಲಿ ಅದೇ 19,240 ರೂಪಾಯಿ ವಾಪಸ್ ಬಂದಿತ್ತು, ಪೂರ್ತಿ ಅವನದಾಗಿ. ನಾವು ಕೇಳಲಿಲ್ಲ, ಅವನು ಹೇಳಲಿಲ್ಲ. ನಮ್ಮ ಮೂವರಲ್ಲಿ ಇಬ್ಬರಿಗೂ ಊರಿನಲ್ಲಿ ಪಾಲಿಸಿಗಳಿದ್ದವು. ಯಾರ ಹೆಸರಿನಲ್ಲಿ, ಎಷ್ಟು, ಯಾರು ಕಟ್ಟುತ್ತಾರೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ನಾವು ನಮ್ಮ ಲೆಕ್ಕ ಬರೆಯಲಿಲ್ಲ, ಅದಕ್ಕೇ ಬೇರೆಯವನು ನಮಗಾಗಿ ಒಂದು ಲೆಕ್ಕ ಬರೆದ.

ಈಗ ಖೋಲಿಯಲ್ಲಿ ಒಂದು ನೋಟ್‌ಬುಕ್ ಇದೆ. ತಿಂಗಳಿಗೆ ಎರಡು ಪುಟ, ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಬಾಡಿಗೆ, ಸಿಲಿಂಡರ್, ಅಕ್ಕಿ, ಊರಿಗೆ ಕಳಿಸಿದ್ದು. ಮೊದಲ ತಿಂಗಳು 1,740 ರೂಪಾಯಿ ಎಲ್ಲಿ ಹೋಯಿತೆಂದು ಎಷ್ಟು ಕೂಡಿಸಿದರೂ ಸಿಗಲಿಲ್ಲ. ಈಗ ನೂರಿನ ಒಳಗೆ ಬಂದಿದೆ. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಫೈಲು: ಸಂಬಳದ ಚೀಟಿ, ಜೂನ್‌ನಲ್ಲಿ ಕಂಪನಿ ಕೊಡುವ ಫಾರ್ಮ್ 16, ವಿಮೆಯ ರಸೀದಿ, ಸಲ್ಲಿಸಿದ ರಿಟರ್ನಿನ ಪ್ರತಿ. ಏಳು ವರ್ಷ ಎಸೆಯುವುದಿಲ್ಲ ಎಂದು ಮಾತಾಡಿಕೊಂಡಿದ್ದೇವೆ. ರಿಟರ್ನ್ ಹಾಕುವ ಮುಂಚೆ ಪೋರ್ಟಲಿನಲ್ಲಿ ಸಿಗುವ 26ಎಎಸ್ ಮತ್ತು ಎ.ಐ.ಎಸ್. ಜೊತೆ ಹೋಲಿಸುತ್ತೇವೆ. ಬ್ಯಾಂಕಿನವರು ಕೊಟ್ಟ ಬಡ್ಡಿ ನಾವು ಮರೆತರೂ ಅಲ್ಲಿ ಇರುತ್ತದೆ.

ಕಂಟ್ರಾಕ್ಟರ್ ಕೆಳಗೆ ದುಡಿಯುವವರಿಗೆ ಒಂದು ಮಾತು. ಕೆಲಸ ಬಿಟ್ಟ ಕೂಡಲೇ ಪಿ.ಎಫ್. ತೆಗೆಯಬೇಡಿ. ಐದು ವರ್ಷ ಆಗುವ ಮುಂಚೆ 50,000 ಅಥವಾ ಹೆಚ್ಚು ತೆಗೆದರೆ ಶೇ 10 ಹಿಡಿಯುತ್ತಾರೆ, ಪ್ಯಾನ್ ಕೊಡದಿದ್ದರೆ ಶೇ 20. ಹೊಸ ಕೆಲಸಕ್ಕೆ ವರ್ಗಾಯಿಸಿದರೆ ಹಳೆಯ ವರ್ಷಗಳೂ ಎಣಿಕೆಗೆ ಬರುತ್ತವೆ.

ಹೊಸ ಪದ್ಧತಿಯಲ್ಲಿ 2025-26ರಿಂದ ಹನ್ನೆರಡು ಲಕ್ಷದವರೆಗೆ, ಸಂಬಳದವರಿಗೆ 12,75,000ದವರೆಗೆ, ತೆರಿಗೆಯೇ ಇಲ್ಲವಲ್ಲ, ಇನ್ನು ಯಾಕೆ ಈ ಗೋಳು ಎಂದು ಊರಿನ ಗೆಳೆಯನೊಬ್ಬ ಫೋನಿನಲ್ಲಿ ಕೇಳಿದ. ಅದು ನಿಜ, ಆ ಪದ್ಧತಿಯಲ್ಲಿ ಬಾಡಿಗೆ, ಎಲ್.ಐ.ಸಿ. ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಆದಾಯ ನಾಲ್ಕು ಲಕ್ಷ ದಾಟಿದರೆ ತೆರಿಗೆ ಸೊನ್ನೆಯಾದರೂ ರಿಟರ್ನ್ ಹಾಕಬೇಕು. ಹಿಡಿದ ಹಣ ವಾಪಸ್ ಬರಬೇಕಾದರೂ ಹಾಕಬೇಕು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆಯೇ ಜಾರಿ, ಕಲಮುಗಳ ನಂಬರೂ ಬೇರೆ. ನಮ್ಮ ನೋಟ್‌ಬುಕ್ಕಿನ ಎಡಬಲ ಬದಲಾಗುವುದಿಲ್ಲ.

2025ರಲ್ಲಿ ರಿಟರ್ನಿಗೆ ಸೆಪ್ಟೆಂಬರ್ 16 ಕೊನೆಯ ದಿನವಾಗಿತ್ತು. ತಪ್ಪಿಸಿಕೊಂಡವರು ಡಿಸೆಂಬರ್ 31ರವರೆಗೆ ದಂಡ ಕಟ್ಟಿ ಹಾಕಬಹುದು, ಆದಾಯ ಐದು ಲಕ್ಷದ ಒಳಗಿದ್ದರೆ 1,000, ಮೇಲಿದ್ದರೆ 5,000. ನಾವು ಕ್ರಿಸ್‌ಮಸ್‌ಗೆ ಊರಿಗೆ ಬರುತ್ತೇವೆ. ಹಬ್ಬದ ಮರುದಿನ ಮಧ್ಯಾಹ್ನ ಚರ್ಚಿನ ಹಾಲ್‌ನಲ್ಲಿ ನಾಲ್ವರೂ ಕೂತಿರುತ್ತೇವೆ. ಫಾರ್ಮ್ 16, ಪಾಸ್‌ಬುಕ್, ಅವ್ವನ ಟ್ರಂಕಿನಲ್ಲಿ ಸಿಕ್ಕ ರಸೀದಿಗಳನ್ನು ತನ್ನಿ. ಪಾಸ್‌ವರ್ಡ್ ನಮಗೆ ಹೇಳಬೇಡಿ. ಓ.ಟಿ.ಪಿ. ಬಂದರೆ ನೀವೇ ಒತ್ತಬೇಕು.