ಮಣಿಕಟ್ಟಿನ ಮೇಲೊಂದು ಹನಿ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲುಗಳ ನಡುವೆ, ಕುಂಕುಮದ ರಾಶಿಗಳ ಪಕ್ಕದಲ್ಲಿ ಸುಗಂಧ ತೈಲದ ಅಂಗಡಿಗಳಿವೆ. ಅಲ್ಲಿ ಗಿರಾಕಿಯ ಕೈಯೇ ಪರೀಕ್ಷೆಯ ಹಾಳೆ. ಅಂಗಡಿಯಾತ ಸೀಸೆಯ ಗಾಜಿನ ಬಿರಡೆಯನ್ನು ತೆಗೆದು, ಅದರ ತುದಿಗೆ ಅಂಟಿದ ತೈಲವನ್ನು ಮುಂಗೈಯ ಮೇಲೆ ಸಣ್ಣ ಗೆರೆಯಾಗಿ ಎಳೆಯುತ್ತಾನೆ. ಸಂಕ್ರಾಂತಿಯ ರಜೆಗೆ ಊರಿಗೆ ಹೊರಟಿದ್ದ ಕನ್ನಡ ಐಚ್ಛಿಕದ ವಿದ್ಯಾರ್ಥಿನಿಯೊಬ್ಬಳು ಅಂಥ ಅಂಗಡಿಯ ಮುಂದೆ ನಿಂತಾಗ ಅರ್ಧ ಗಂಟೆಯಲ್ಲಿ ಅವಳ ಎರಡು ಮಣಿಕಟ್ಟುಗಳೂ ಎರಡು ಮುಂಗೈಗಳೂ ಮೊಣಕೈಯ ಒಳಮಡಿಕೆಗಳೂ ತುಂಬಿಹೋದವು. ಆ ಮೇಲೆ ಯಾವ ಗೆರೆ ಯಾವ ತೈಲದ್ದೆಂಬುದು ಅವಳಿಗಾಗಲಿ ಅಂಗಡಿಯಾತನಿಗಾಗಲಿ ತಿಳಿಯಲಿಲ್ಲ. ಮೂಗು ದಣಿದಾಗ ಕಾಫಿ ಬೀಜ ಮೂಸುವ ರೂಢಿ ಹಲವು ಅಂಗಡಿಗಳಲ್ಲಿ ಉಂಟು. ಅದಕ್ಕಿಂತ, ಏನನ್ನೂ ಹಚ್ಚದ ತನ್ನದೇ ತೋಳನ್ನು ಮೂಸುವುದು ವಾಸಿಯೆಂದು ಅವಳು ಅಂದು ಕಂಡುಕೊಂಡಳು.

ಅವಳು ಬಂದದ್ದು ಅಲಂಕಾರದ ಆಸೆಯಿಂದಲ್ಲ. ಕೈಯಲ್ಲೊಂದು ಚೀಟಿಯಿತ್ತು. ಅದರಲ್ಲಿ ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಎಂಬ ನಾಲ್ಕು ಹೆಸರುಗಳಿದ್ದವು. ಅವು ನಾಲ್ಕನ್ನೂ ಕೊಂಡ ಮೇಲೆ, ಮೈಮೇಲೆ ಹಚ್ಚಿಸಿಕೊಂಡದ್ದರ ದಾಕ್ಷಿಣ್ಯಕ್ಕೋ ಮೋಹಕ್ಕೋ ಸಿಲುಕಿ ಶ್ರೀಗಂಧ, ದವನ, ಮಲ್ಲಿಗೆ, ಲಾವಂಚಗಳ ಸಣ್ಣ ಸೀಸೆಗಳನ್ನೂ ಕೊಂಡಳು.

ಅವಳ ಊರು ತೇವಾರಂ. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಕಂಬಂ ಕಣಿವೆಯ ಪಶ್ಚಿಮದಂಚಿನಲ್ಲಿ, ಬೆಟ್ಟದ ಬುಡಕ್ಕೆ ಆತುಕೊಂಡಿರುವ ಊರದು. ಬೆಟ್ಟ ಹತ್ತಿದರೆ ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳು. ಈ ಕಣಿವೆಯಲ್ಲಿ ತಲೆತಲಾಂತರದಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಒಕ್ಕಲಿಗ ಕುಟುಂಬಗಳಿವೆ. ತೆಲುಗು ಮನೆಮಾತಿನವರೂ ಇದ್ದಾರೆ. ಬೀದಿಯ ಮಾತು, ಶಾಲೆಯ ಮಾತು ಎಲ್ಲರಿಗೂ ತಮಿಳು. ಅವಳು ಕನ್ನಡವನ್ನು ಕಿವಿಯಿಂದ ಕಲಿತದ್ದು ಅಜ್ಜಿಯ ಮಡಿಲಲ್ಲಿ. ಕಣ್ಣಿನಿಂದ ಕಲಿತದ್ದು ಮೈಸೂರಿಗೆ ಬಂದ ಮೇಲೆ, ಹದಿನೆಂಟು ದಾಟಿದಾಗ. ಅಜ್ಜಿಗೆ ಇಂದಿಗೂ ಕನ್ನಡದ ಅಕ್ಷರ ಬಾರದು.

ಆ ಅಜ್ಜಿ ಇಪ್ಪತ್ತು ವರ್ಷಗಳಿಂದ ಏಲಕ್ಕಿ ಆರಿಸುವ ಕೆಲಸ ಮಾಡುತ್ತಿದ್ದರು. ಬೋಡಿನಾಯಕನೂರಿನ ಹರಾಜಿಗೆ ಹೋಗುವ ಮುನ್ನ ಕಾಯಿಯನ್ನು ಗಾತ್ರ, ಬಣ್ಣ ನೋಡಿ ಬೇರ್ಪಡಿಸಬೇಕು. 8 ಮಿಲಿಮೀಟರು ಮೀರಿದ ಹಸಿರು ಕಾಯಿಗೆ ಒಂದು ಬೆಲೆ, ಬಿಳಚಿದ ಕಿರುಗಾಯಿಗೆ ಇನ್ನೊಂದು. ಗಾತ್ರಕ್ಕೆ ಜರಡಿ ಸಾಕು, ಬಣ್ಣಕ್ಕೆ ಕಣ್ಣು ಸಾಕು. ಒಳಗೊಳಗೇ ಬೂಷ್ಟು ಹಿಡಿದ ಕಾಯಿಯನ್ನು ಹಿಡಿದುಕೊಡುವುದು ಮೂಗು ಮಾತ್ರ. ಆ ಕೆಲಸದಲ್ಲಿ ಅಜ್ಜಿಯನ್ನು ಮೀರಿಸುವವರಿರಲಿಲ್ಲ. ಒಂದು ಹಿಡಿ ಕಾಯಿಯನ್ನು ಮುಖದ ಬಳಿಗೆ ತಂದು ಅವರು ತಲೆಯಾಡಿಸಿದರೆ ಆ ಮೂಟೆ ಮುಂದಕ್ಕೆ ಹೋಗುತ್ತಿತ್ತು.

2021ರ ಮೇ ತಿಂಗಳಲ್ಲಿ ಮನೆಯವರಿಗೆಲ್ಲ ಕೋವಿಡ್ ಜ್ವರ ಬಂದು ಹೋಯಿತು. ಉಳಿದವರಿಗೆ ಕೆಲವೇ ವಾರಗಳಲ್ಲಿ ವಾಸನೆ ಮರಳಿತು. ಅಜ್ಜಿಗೆ ಮರಳಲಿಲ್ಲ, ಅವರು ಯಾರಿಗೂ ಹೇಳಲೂ ಇಲ್ಲ. ಒಂದು ವರ್ಷಕ್ಕೂ ಮೇಲ್ಪಟ್ಟು ಅವರು ಹಿಡಿಗಾಯಿಯನ್ನು ಮುಖದ ಬಳಿಗೆ ತರುತ್ತಲೇ ಇದ್ದರು, ತಲೆಯಾಡಿಸುತ್ತಲೇ ಇದ್ದರು. ದಸರಾ ರಜೆಯಲ್ಲಿ ಒಲೆಯ ಮೇಲಿದ್ದ ಹಾಲು ತಳಹಿಡಿದು ಕಮಟು ವಾಸನೆ ಬೀದಿಗೆ ಹಬ್ಬಿದಾಗಲೂ, ಎರಡು ಮಾರು ದೂರದಲ್ಲಿ ಕುಳಿತ ಅಜ್ಜಿ ಹೂ ಕಟ್ಟುತ್ತಲೇ ಇದ್ದುದನ್ನು ಮೊಮ್ಮಗಳು ಕಂಡಳು. ಕೇಳಿದಾಗ ಮೊದಲು ಬಂದದ್ದು ಕಣ್ಣೀರಲ್ಲ, ಸಿಟ್ಟು.

ತೇನಿಯ ವೈದ್ಯರೊಬ್ಬರು ಬರೆದುಕೊಟ್ಟದ್ದೇ ಆ ಚೀಟಿ. ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಭ್ಯಾಸಕ್ರಮವದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಬಾರಿ, ಹನ್ನೆರಡು ವಾರಗಳ ಕಾಲ, ಮನಸ್ಸಿಟ್ಟು ಮೂಸಬೇಕು. ವ್ಯಾಯಾಮದಿಂದ ತೋಳು ಬಲಿಯುವಂತೆ ಮೂಗೂ ಮೆಲ್ಲಗೆ ಪಳಗುತ್ತದೆ. ಎಲ್ಲರಿಗೂ ಫಲ ಸಿಗುತ್ತದೆಂದು ಹೇಳಲಾಗದು.

ಹಬ್ಬದ ಹಿಂದಿನ ರಾತ್ರಿ ಅಡುಗೆಮನೆಯ ನೆಲದ ಮೇಲೆ ಎಂಟು ಸೀಸೆಗಳನ್ನೂ ಸಾಲಾಗಿ ಇಟ್ಟದ್ದಾಯಿತು. ಮೊದಲ ತಪ್ಪು ಮೊಮ್ಮಗಳದೇ. ಅಂಗಡಿಯ ರೂಢಿಯಲ್ಲಿ ಅವಳು ಲವಂಗದ ಎಣ್ಣೆಯನ್ನು ನೇರವಾಗಿ ಮುಂದೋಳಿಗೆ ಹಚ್ಚಿಕೊಂಡಳು. ಕೆಲವೇ ನಿಮಿಷಗಳಲ್ಲಿ ಚರ್ಮ ಕೆಂಪಾಗಿ ಉರಿಯತೊಡಗಿತು. ಸಸ್ಯದಿಂದ ಬಂದುದೆಲ್ಲ ಸೌಮ್ಯವೆಂಬ ನಂಬಿಕೆ ಅಲ್ಲಿಗೆ ಮುಗಿಯಿತು. ಲವಂಗದ ಎಣ್ಣೆ ಚರ್ಮವನ್ನು ಸುಡಬಲ್ಲದು; ಹಿಂಡಿ ತೆಗೆದ ನಿಂಬೆಯ ಎಣ್ಣೆಯನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಕಲೆ ಏಳಬಹುದು. ತೈಲವನ್ನು ಕೊಬ್ಬರಿ ಎಣ್ಣೆಯಲ್ಲಿ ತೆಳುಮಾಡಿ, ಮೊಣಕೈಯ ಒಳಮಡಿಕೆಗೆ ಒಂದು ಹನಿ ಹಚ್ಚಿ, ಒಂದೆರಡು ದಿನ ಕಾದು ನೋಡುವುದು ವಿವೇಕದ ದಾರಿ. ಚೀಟಿಯ ನಾಲ್ಕು ಎಣ್ಣೆಗಳು ಸೀಸೆಯಲ್ಲೇ ಉಳಿದವು. ಉಳಿದ ನಾಲ್ಕನ್ನು ತೆಳುಮಾಡಿ ಹಚ್ಚಿ, ಹಬ್ಬದ ಎರಡು ದಿನ ಕಾದು, ತುರಿಕೆಯಿಲ್ಲವೆಂದು ಖಚಿತವಾದ ಮೇಲೆಯೇ ಪರೀಕ್ಷೆ ಮುಂದುವರಿಯಿತು.

ಶ್ರೀಗಂಧ ಮೊದಲಿಗೆ ಅವಳನ್ನು ನಿರಾಸೆಗೊಳಿಸಿತು. ಹಚ್ಚಿದ ಕ್ಷಣದಲ್ಲಿ ಅದು ಹೇಳಿಕೊಳ್ಳುವಂಥದ್ದೇನೂ ಅಲ್ಲ: ಹಸಿ ಮರದ ಹೊಟ್ಟು, ತುಸು ಎಣ್ಣೆ. ಒಂದು ಗಂಟೆಯ ಮೇಲೆ ಅದು ಹಾಲಿನಂತೆ ಮೃದುವಾಯಿತು. ಮರುದಿನ ಬೆಳಗ್ಗೆ ಮುಖ ತೊಳೆಯುವಾಗಲೂ ಮಣಿಕಟ್ಟಿನಲ್ಲಿತ್ತು. ಗಂಧದ ಎಣ್ಣೆಯ ಸ್ಯಾಂಟಲಾಲ್ ಅಣುಗಳು ಭಾರವಾದವು, ನಿಧಾನವಾಗಿ ಆರುವಂಥವು. ಆದುದರಿಂದಲೇ ಅತ್ತರು ತಯಾರಕರು ಹಾರಿಹೋಗುವ ಹೂವಿನ ಕಂಪನ್ನು ಗಂಧದೆಣ್ಣೆಯ ಮೇಲೆ ಕೂರಿಸುತ್ತಾರೆ. ಮೊದಲ ಮಹಾಯುದ್ಧದಿಂದ ಗಂಧದ ಕೊರಡುಗಳು ಯೂರೋಪಿಗೆ ಹೋಗುವುದು ನಿಂತಾಗ, ಮೈಸೂರು ಸಂಸ್ಥಾನ 1916ರಲ್ಲಿ ಇಲ್ಲಿಯೇ ಎಣ್ಣೆ ತೆಗೆಯಲು ಮೊದಲುಮಾಡಿತು. ಸಂಸ್ಕೃತದಲ್ಲಿ ‘ಗಂಧ’ವೆಂದರೆ ವಾಸನೆ. ಕನ್ನಡಿಗರು ಆ ಸಾಮಾನ್ಯ ಪದವನ್ನು ತೆಗೆದು ಒಂದೇ ಮರಕ್ಕೆ ಕೊಟ್ಟುಬಿಟ್ಟರು.

ಮಲ್ಲಿಗೆ ಇದಕ್ಕೆ ತದ್ವಿರುದ್ಧ. ಹಚ್ಚಿದೊಡನೆ ಕೋಣೆ ತುಂಬಿತು, ಅರ್ಧ ಗಂಟೆಯಲ್ಲಿ ಸಾಬೂನಿನಂತಾಯಿತು. ಸೀಸೆಯ ಮೇಲೆ ಹೆಸರಿದ್ದ ಮಾತ್ರಕ್ಕೆ ಒಳಗೆ ಹೂವಿರಬೇಕೆಂದಿಲ್ಲ. ಒಂದು ಸಾವಿರ ಕಿಲೊ ಮೊಗ್ಗಿನಿಂದ ದೊರೆಯುವ ಅಪ್ಪಟ ಸಾರ ಒಂದೆರಡು ಕಿಲೊ. ಆ ಬೆಲೆಗೆ ಅದು ಸಿಗುವಂತಿರಲಿಲ್ಲ. ದಿಂಡಿಗಲ್ ಜಿಲ್ಲೆಯ ನಿಲಕ್ಕೋಟೆಯ ಹೂವಿನ ಮಾರುಕಟ್ಟೆಯನ್ನು ಕಂಡವರಿಗೆ ನಿಜದ ಮಲ್ಲಿಗೆ ಗೊತ್ತು. ಸಂಜೆ ಅರಳಬೇಕಾದ ಮೊಗ್ಗನ್ನು ಬೆಳಗ್ಗೆಯೇ ಕಿತ್ತು ತರುತ್ತಾರೆ. ರಾತ್ರಿಯಾಗುತ್ತಿದ್ದಂತೆ ಅದರ ಕಂಪಿನ ತಳದಲ್ಲಿ ಕೊಳೆತದ್ದರ ಒಂದು ಎಳೆ ಕಾಣಿಸಿಕೊಳ್ಳುತ್ತದೆ. ಇಂಡೋಲ್ ಎಂಬ ಆ ವಸ್ತು ಮಲದಲ್ಲಿಯೂ ಇದೆ. ಅದನ್ನು ತೆಗೆದುಹಾಕಿದರೆ ಮಲ್ಲಿಗೆ ಮಲ್ಲಿಗೆಯಾಗಿ ಉಳಿಯದು. ಅವಳ ಸೀಸೆಯಲ್ಲಿ ಇಲ್ಲದಿದ್ದುದು ಅದೇ. ಲಾವಂಚದ ವಿಷಯದಲ್ಲಿ ತಕರಾರಿರಲಿಲ್ಲ: ನೀರಿನ ಮಡಕೆಯೊಳಗೆ ಬೇರು ಹಾಕಿದಾಗಿನ ಅದೇ ತಣ್ಣನೆಯ ಮಣ್ಣು.

ದವನವನ್ನು ಕೊನೆಗೆ ಇಟ್ಟುಕೊಂಡಿದ್ದರು. ಅಜ್ಜಿಗೆ ಅದು ‘ಮರಿಕ್ಕೊಳುಂದು’, ಮಲ್ಲಿಗೆಯ ದಂಡೆಯಲ್ಲಿ ನಡುನಡುವೆ ಸೇರಿಸುವ ಬೂದುಹಸಿರು ಕುಡಿ. ದವನದ ಎಣ್ಣೆ ಒಬ್ಬೊಬ್ಬರ ಮೈಮೇಲೆ ಒಂದೊಂದು ಬಗೆಯಾಗುತ್ತದೆಂಬ ಮಾತು ಸುಗಂಧ ತಯಾರಕರಲ್ಲಿ ಬಹುಕಾಲದಿಂದ ಇದೆ. ಚರ್ಮದ ಕಾವು, ಜಿಡ್ಡು, ಒಣಗು ಇವುಗಳಿಗೆ ತಕ್ಕಂತೆ ತೈಲದ ಯಾವ ಅಂಶ ಮೊದಲು ಆರುತ್ತದೆ, ಯಾವುದು ಉಳಿಯುತ್ತದೆ ಎಂಬುದು ಬದಲಾಗುತ್ತದೆ. ಮೂವರೂ ಒಂದೊಂದು ಹನಿ ಹಚ್ಚಿಕೊಂಡರು. ಮೊಮ್ಮಗಳ ಕೈಯಲ್ಲಿ ಅದು ಕಹಿಸೊಪ್ಪಾಯಿತು. ತಾಯಿಯ ಕೈಯಲ್ಲಿ ಆರಿದ ಚಹಾದಂತಿತ್ತು. ಅಜ್ಜಿಯ ತೆಳುವಾದ, ಸುಕ್ಕುಗಟ್ಟಿದ, ಒಣ ಚರ್ಮದ ಮೇಲೆ ಮಾತ್ರ ಅದು ಮಾಗಿತು: ಕಣಿವೆಯ ದ್ರಾಕ್ಷಿಯ ಬುಟ್ಟಿಯಲ್ಲಿ ತಳಕ್ಕೆ ಸಿಕ್ಕಿ ಬಿರಿದ ಹಣ್ಣಿನ ಹಾಗೆ. ತಾಯಿ ಮಗಳು ಸರದಿಯ ಮೇಲೆ ಆ ಕೈಯನ್ನು ಎಳೆದುಕೊಂಡು ಮೂಸಿದರು. ಮೂರು ಕೈಗಳಲ್ಲಿ ಅತ್ಯುತ್ತಮವಾದುದು ಯಾರ ಕೈಯೋ, ಅವರಿಗೇ ಅದು ತಿಳಿಯುವಂತಿರಲಿಲ್ಲ.

“ಹೇಗದೆ, ಹೇಳು ಮಗಾ,” ಎಂದರು ಅಜ್ಜಿ.

ಪ್ರಶ್ನೆ ಸರಳವಾಗಿತ್ತು, ಉತ್ತರ ಬರಲಿಲ್ಲ. ತರಗತಿಯಲ್ಲಿ ಕಲಿತ ಪದಗಳು ನಾಲಿಗೆಯ ತುದಿಯಲ್ಲಿದ್ದವು: ಕಂಪು, ಸೌರಭ, ಪರಿಮಳ, ನರುಗಂಪು. ಕ್ರಿ.ಶ. 1025ರ ಸುಮಾರಿನಲ್ಲಿ ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ದಲ್ಲಿ ಸುಗಂಧದ್ರವ್ಯಗಳನ್ನು ಕೂಡಿಸುವ ಬಗೆಗೆ ಒಂದು ಅಧ್ಯಾಯವನ್ನೇ ಕನ್ನಡದಲ್ಲಿ ಬರೆದಿಟ್ಟನೆಂಬುದನ್ನು ಅವಳು ಪರೀಕ್ಷೆಗೆ ಓದಿದ್ದಳು. ಇಷ್ಟು ಹಳೆಯ ಸಂಪತ್ತಿನ ಒಡತಿಯಾಗಿಯೂ ತನ್ನ ಅಜ್ಜಿಯ ಕೈಯ ವಾಸನೆಯನ್ನು ಅಜ್ಜಿಗೆ ತಿಳಿಯುವಂತೆ ಹೇಳಲಾರದೆ ಹೋದಳು. ‘ಪರಿಮಳ ಚೆನ್ನಾಗಿದೆ’ ಎಂದದ್ದಕ್ಕೆ, “ಅದು ಸೀಸೆಯಲ್ಲೂ ಬರೆದದೆಯಲ್ಲ” ಎಂದು ಅಜ್ಜಿ ನಕ್ಕರು.

ಆಮೇಲೆ ಅವರೇ ಪದಗಳನ್ನು ಕೊಡತೊಡಗಿದರು. ಹಸಿಯೋ, ಹಣ್ಣೋ? ಬೆಟ್ಟದ ಮೇಲಿನ ಹಸಿಯೋ, ಗದ್ದೆಯ ಹಸಿಯೋ? ಮಳೆಗೆ ಮುಂಚಿನ ಮಣ್ಣೋ, ಮಳೆ ನಿಂತ ಮೇಲಿನದೋ? ಏಲಕ್ಕಿ ಒಣಗಿಸುವ ಮನೆಯ ಬಾಗಿಲು ತೆಗೆದಾಗಿನ ಬಿಸಿಯೋ, ಮೂಟೆ ಬಿಚ್ಚಿದಾಗಿನದೋ? ಒಂದೊಂದು ಪ್ರಶ್ನೆಗೂ ಮೊಮ್ಮಗಳು ಆ ಕೈಯನ್ನು ಮತ್ತೆ ಮೂಸಿ, ಯೋಚಿಸಿ ಉತ್ತರಿಸಬೇಕಾಯಿತು. ವಾಸನೆಯಿಲ್ಲದವರು ವಾಸನೆಯಿದ್ದವಳಿಗೆ ಮೂಸುವುದನ್ನು ಕಲಿಸಿದ ರಾತ್ರಿಯದು. ಕೊನೆಗೆ ‘ಬಿರಿದ ದ್ರಾಕ್ಷಿ’ ಎಂಬ ಮಾತು ಬಂದಾಗ ಅಜ್ಜಿ ಕೈಯನ್ನು ಮುಖದ ಬಳಿಗೆ ತಂದರು, ತಲೆಯಾಡಿಸಲಿಲ್ಲ. “ತಂಬಿರಾನ್ ಹಸುಗಳ ಹತ್ತಿರ ನಿಂತರೂ ಏನೂ ಇಲ್ಲ,” ಎಂದರು. ಹಬ್ಬದಲ್ಲಿ ಕಂಬಂ ಊರಿನ ದೇವರ ಹಸುಗಳ ದೊಡ್ಡಿಗೆ ಹೋಗಿ ಬಂದಿದ್ದರು. ಸಗಣಿ, ಹಾಲು, ಕಬ್ಬು, ಜನ, ಎಲ್ಲವೂ ಕಣ್ಣಿಗೆ ಮಾತ್ರ ಇದ್ದವಂತೆ.

ರಜೆ ಮುಗಿಯುವ ಮುನ್ನ ಅಜ್ಜಿ ಮೇಸ್ತ್ರಿಯ ಬಳಿ ನಿಜವನ್ನು ಹೇಳಿದರು. ಆತ ಬೈಯಲಿಲ್ಲ, ಮೂಸುವ ಸಾಲಿನಿಂದ ತೆಗೆದು ಜರಡಿಗೆ ಕೂರಿಸಿದ. ಕೂಲಿ ಕಡಿಮೆ. ಇಪ್ಪತ್ತು ವರ್ಷದ ಜಾಗವನ್ನು ಮತ್ತೊಬ್ಬಳಿಗೆ ಬಿಟ್ಟುಕೊಟ್ಟ ದಿನ ಅವರು ಊಟ ಮಾಡಲಿಲ್ಲವೆಂದು ತಾಯಿ ಫೋನಿನಲ್ಲಿ ತಿಳಿಸಿದಳು. ಆದರೂ ಬೆಳಗ್ಗೆ, ಸಂಜೆ ನಾಲ್ಕು ಸೀಸೆಗಳ ಮುಂದೆ ಕೂರುವುದನ್ನು ಬಿಟ್ಟಿರಲಿಲ್ಲ.

ಆ ಚಳಿಗಾಲದಲ್ಲಿ ಮೊಮ್ಮಗಳಿಗೆ ತರಗತಿಯಲ್ಲಿ ಒಂದು ಪಾಠವಾಯಿತು. ಹಳಗನ್ನಡದ ‘ನಾಱು’ ಎಂಬ ಕ್ರಿಯಾಪದಕ್ಕೆ ವಾಸನೆ ಬೀರು ಎಂದಷ್ಟೇ ಅರ್ಥ. ಒಳ್ಳೆಯದಕ್ಕೂ ಸಲ್ಲುತ್ತದೆ, ಕೆಟ್ಟದ್ದಕ್ಕೂ ಸಲ್ಲುತ್ತದೆ. ಇಂದು ‘ನಾರು’ವುದು ಕೊಳೆತದ್ದು ಮಾತ್ರ. ತಮಿಳಿನ ‘ನಾಟ್ರಂ’ ಕೂಡ ಹಿಂದೆ ಸುಗಂಧವಾಗಿದ್ದು ಈಗ ದುರ್ಗಂಧವಾಗಿದೆ. ಕನ್ನಡದಲ್ಲಿ ಕಂಪು ಸುವಾಸನೆಯಾದರೆ, ಪಕ್ಕದ ಮನೆಯ ತೆಲುಗಿನಲ್ಲಿ ‘ಕಂಪು’ ಎಂದರೆ ಮೂಗು ಮುಚ್ಚಿಕೊಳ್ಳಬೇಕು. ಒಂದೇ ತೈಲ ಮೂರು ಕೈಗಳಲ್ಲಿ ಮೂರಾದುದನ್ನು ಕಂಡಿದ್ದವಳಿಗೆ ಒಂದೇ ಬೇರಿನ ಪದ ಹೀಗೆ ಬೇರೆಬೇರೆಯಾದುದು ಅಚ್ಚರಿಯೆನಿಸಲಿಲ್ಲ.

ಹನ್ನೊಂದನೆಯ ವಾರ, ಚೈತ್ರ ಮಾಸ. ಮೈಸೂರಿನ ಬೀದಿಯಲ್ಲಿ ದವನದ ಕಟ್ಟುಗಳು ಮಾರಾಟಕ್ಕಿದ್ದವು. ಸಂಜೆ ಫೋನು ಬಂತು. ಅಜ್ಜಿಯ ಧ್ವನಿಯಲ್ಲಿ ಗಾಬರಿಯಿತ್ತು. ಲವಂಗದ ಸೀಸೆ ತೆಗೆದರೆ ಸುಟ್ಟ ರಬ್ಬರಿನ ಹಾಗಿದೆ, ಎಣ್ಣೆ ಕೆಟ್ಟುಹೋಗಿದೆಯೇ ಎಂದು ಕೇಳಿದರು.

“ನಾರ್ತದೆ ಮಗಾ,” ಎಂದರು.

ಎಣ್ಣೆ ಕೆಟ್ಟಿರಲಿಲ್ಲ. ನಂದಿಹೋದ ಘ್ರಾಣ ಮರಳುವಾಗ ಹಲವರಿಗೆ ಒಳ್ಳೆಯ ವಾಸನೆಗಳೂ ವಿಕಾರವಾಗಿ ತೋರುತ್ತವೆಂದು ವೈದ್ಯರು ಮೊದಲೇ ಹೇಳಿದ್ದರು. ಎರಡು ವರ್ಷ ಬರಿದಾಗಿದ್ದ ಮೂಗಿಗೆ ಏನೋ ಒಂದು ತಲುಪಿತ್ತು. ಆ ಮಾತನ್ನು ಅವಳು ಹಳಗನ್ನಡದ ಅರ್ಥದಲ್ಲಿ ಕೇಳಿಸಿಕೊಂಡಳು.

ಉಳಿದ ಮೂರು ಸೀಸೆಗಳು ಇನ್ನೂ ಮೌನವಾಗಿದ್ದವು. ಏಲಕ್ಕಿಯೂ ಅಷ್ಟೆ. ಅಜ್ಜಿ ಜರಡಿಯ ಸಾಲಿನಲ್ಲೇ ಇದ್ದರು. ಇನ್ನು ಹನ್ನೆರಡು ವಾರ ಮುಂದುವರಿಸೋಣ, ಹೊಸ ಎಣ್ಣೆ ತರುತ್ತೇನೆ ಎಂದು ಮೊಮ್ಮಗಳು ಹೇಳಿದಳು. “ತಾ,” ಎಂದರು ಅಜ್ಜಿ, “ಮರಿಕ್ಕೊಳುಂದಿನದೂ ಒಂದು ತಾ. ಹಚ್ಚಿಕೊಂಡು ಹೋದರೆ ಸಾಲಿನ ಹೆಂಗಸರೆಲ್ಲ ಕೈ ಹಿಡಿದು ಮೂಸ್ತಾರೆ.”